ಒಂದು ಹಾವು, 52 ಇಲಿ: ಮನೆಯಲ್ಲಿ ಹಾವಿನ ಊಟ ಬೆಳೆಸುವ ಲೆಕ್ಕ

ಹೋದ ಮಳೆಗಾಲದ ಶುರುವಿನಲ್ಲಿ ನಮ್ಮ ಅತ್ತಿಗೆ ಶಿವಮೊಗ್ಗದಿಂದ ಫೋನ್ ಮಾಡಿದರು. ಮಗ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ ಅಂತ ಊರಿಗೆ ಬಂದಿದ್ದ. ಜೊತೆಗೆ ಎರಡು ಬ್ಯಾಗು, ಒಂದು ಗಾಜಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ವರ್ಷ ತುಂಬದ ಒಂದು ಬಾಲ್ ಪೈಥಾನ್, ಅಂದರೆ ಆಫ್ರಿಕಾ ಮೂಲದ ಸಣ್ಣ ಜಾತಿಯ ಹೆಬ್ಬಾವು. ಹಾವಿನ ವಿಷಯದಲ್ಲಿ ಅತ್ತಿಗೆ ಹೇಗೋ ಸಮಾಧಾನ ಮಾಡಿಕೊಂಡಿದ್ದರು. ಅವರ ತಕರಾರು ಬೇರೆ. "ಈಗ ಇವನು ಇಲಿನೂ ಸಾಕ್ತಾನಂತೆ ಮಾರಾಯ. ಹಾವಿಗೆ ಒಂದು ಲೋಟ ಹಾಲು ಇಟ್ರೆ ಸಾಕಲ್ವಾ?"

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನಾನು ನಾಲ್ಕು ವರ್ಷ ಬಿಳಿ ಇಲಿ ಸಾಕಿದ್ದೆ. ಅದಕ್ಕೇ ಆ ಫೋನ್ ನನಗೆ ಬಂತು. ಅಂದು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಹಾವು ಸಾಕುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ಹೋಗುವುದಿಲ್ಲ. ಹಾವು ಆಗಲೇ ಮನೆಯಲ್ಲಿದೆ, ಅದಕ್ಕೆ ಊಟ ಎಲ್ಲಿಂದ ತರುವುದು ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾವಿಗೆ ವಾರಕ್ಕೆ ಅರ್ಧ ಗಂಟೆ ಕೆಲಸ. ಇಲಿಗೆ ದಿನಾ ಕೆಲಸ.

ಮೊದಲು ಕಾನೂನು

ನಮ್ಮ ನೆಲದ ಹಾವುಗಳನ್ನು ಹಿಡಿದು ಸಾಕುವಂತಿಲ್ಲ. ಹೆಬ್ಬಾವು, ನಾಗರ, ಕಾಳಿಂಗ, ತೋಟದಲ್ಲಿ ದಿನಾ ಕಾಣುವ ಕೇರೆಹಾವು, ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. 'ಮರಿ ಸಿಕ್ತು, ಸುಮ್ನೆ ಇಟ್ಕೊಂಡೆ' ಅಂದರೂ ಅಪರಾಧವೇ.

ಹೊರದೇಶದ ಜಾತಿಗಳ ಲೆಕ್ಕ ಬೇರೆ. ಕಾಡು ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇದೆ. ಅದರ ಪಟ್ಟಿಯಲ್ಲಿರುವ ಪ್ರಾಣಿಗಳನ್ನು 2022ರ ತಿದ್ದುಪಡಿ ನಮ್ಮ ಕಾಯ್ದೆಯೊಳಗೂ ತಂದಿತು. 2024ರಲ್ಲಿ ನೋಂದಣಿಯ ನಿಯಮಗಳೂ ಬಂದವು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಹಾಗಾಗಿ ಅದನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೆ, ಸತ್ತರೆ, ಇನ್ನೊಬ್ಬರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಅಮೆರಿಕ ಮೂಲದ ಕಾರ್ನ್ ಸ್ನೇಕ್ ಈ ಪಟ್ಟಿಯಲ್ಲಿಲ್ಲ. ಅತ್ತಿಗೆಯ ಮಗ ಕಾಗದಪತ್ರ ಸರಿಯಾಗಿ ಇಟ್ಟುಕೊಂಡಿದ್ದ. ನಿಮ್ಮ ಹತ್ತಿರ ಇಲ್ಲದಿದ್ದರೆ ಇಲಿಯ ಮಾತು ಆಮೇಲೆ, ಮೊದಲು ಅದನ್ನು ನೋಡಿ.

ಹಾಲು ಯಾಕೆ ಬೇಡ, ಕೋಳಿ ತುಂಡು ಯಾಕೆ ಸಾಲದು

ಹಾವು ಶುದ್ಧ ಮಾಂಸಾಹಾರಿ. ಹಾಲು ಅದರ ಆಹಾರವೇ ಅಲ್ಲ. ನೀರಿಲ್ಲದೆ ಬಾಯಾರಿದ ಹಾವು ಎದುರಿಗಿಟ್ಟ ಹಾಲನ್ನು ಕುಡಿಯಬಹುದು, ಆದರೆ ಅದನ್ನು ಅರಗಿಸಿಕೊಳ್ಳುವ ಹೊಟ್ಟೆ ಅದಕ್ಕಿಲ್ಲ. ಹಾವಾಡಿಗರ ಹಾವು ನಾಗರಪಂಚಮಿಯ ದಿನ ಹಾಲು ಕುಡಿಯುವುದು ಇದೇ ಕಾರಣಕ್ಕೆ.

ಹಾಗಾದರೆ ಅಂಗಡಿಯ ಕೋಳಿ ತುಂಡು ಹಾಕಬಹುದಲ್ಲ? ಇಲ್ಲೊಂದು ಹೋಲಿಕೆ. ಇಡೀ ಇಲಿ ಅಂದರೆ ಹಾವಿಗೆ ಬಾಳೆ ಎಲೆಯ ಪೂರ್ತಿ ಊಟ. ಮೂಳೆಯಿಂದ ಸುಣ್ಣದಂಶ, ಪಿತ್ತಜನಕಾಂಗದಿಂದ (ಲಿವರ್) ಎ ಜೀವಸತ್ವ, ಮಾಂಸದಿಂದ ಪ್ರೋಟೀನು, ಜೊತೆಗೆ ಕೊಬ್ಬು. ಮೂಳೆ ತೆಗೆದ ಕೋಳಿ ತುಂಡು ಎಲೆಯ ಮೇಲಿನ ಬರೀ ಅನ್ನ. ಹೊಟ್ಟೆ ತುಂಬುತ್ತದೆ, ಆದರೆ ತಿಂಗಳುಗಟ್ಟಲೆ ಅದನ್ನೇ ಕೊಟ್ಟರೆ ಮೂಳೆ ಸವೆಯುತ್ತದೆ. ಅದಕ್ಕೇ ಸಾಕಿದ ಹಾವಿಗೆ ಇಡೀ ಪ್ರಾಣಿ ಕೊಡುವುದು.

ಪದದ ಗೊಂದಲವೊಂದನ್ನು ಬಿಡಿಸಿಬಿಡೋಣ. ನಾವು ಸಣ್ಣದಕ್ಕೂ ದೊಡ್ಡದಕ್ಕೂ ಇಲಿ ಅಂತಲೇ ಅನ್ನುತ್ತೇವೆ. ಸಾಕುವವರಲ್ಲಿ ಮೌಸ್ ಬೇರೆ, ರ‍್ಯಾಟ್ ಬೇರೆ. ಮೌಸ್ ಬೆಳೆದರೆ 20ರಿಂದ 40 ಗ್ರಾಂ. ರ‍್ಯಾಟ್ ಅದರ ಹತ್ತು ಪಟ್ಟು ತೂಗಬಹುದು. ಇಲ್ಲಿ ಹೇಳುವುದೆಲ್ಲ ಮೌಸ್ ಬಗ್ಗೆ, ಪ್ರಯೋಗಾಲಯಗಳಲ್ಲಿ ಸಾಕುವ ಬಿಳಿ ಮೈ, ಕೆಂಪು ಕಣ್ಣಿನ ಪುಟ್ಟ ಇಲಿಯ ಬಗ್ಗೆ. ಕಾರ್ನ್ ಸ್ನೇಕ್‌ಗೆ ಜೀವನಪೂರ್ತಿ ಇದೇ ಸಾಕಾಗುತ್ತದೆ. ಬಾಲ್ ಪೈಥಾನ್ ದೊಡ್ಡದಾದ ಮೇಲೆ ರ‍್ಯಾಟ್ ಬೇಕಾಗುತ್ತದೆ.

ಗದ್ದೆಯ ಇಲಿ ಬೇಡವೇ ಬೇಡ

ಅತ್ತಿಗೆಯ ಎರಡನೇ ಪ್ರಶ್ನೆ ಇದೇ ಆಗಿತ್ತು. ಅಟ್ಟದ ಮೇಲೆ ಬೇಕಾದಷ್ಟು ಓಡಾಡುತ್ತವೆ, ಬೋನಿಗೆ ಬಿದ್ದದ್ದನ್ನು ಹಾಕಿದರೆ ಆಯ್ತಲ್ಲ ಅಂತ. ಮಲೆನಾಡಿನವರಿಗೆ ಸಹಜವಾಗಿ ಹೊಳೆಯುವ ಯೋಚನೆ. ಆದರೆ ಮಲೆನಾಡಿನಲ್ಲೇ ಅದು ಜಾಸ್ತಿ ಅಪಾಯದ್ದು.

ಒಂದು, ವಿಷ. ತೋಟ, ಗದ್ದೆ, ಭತ್ತದ ಕಣಜ ಎಲ್ಲ ಕಡೆ ಇಲಿ ಪಾಷಾಣ ಇಡುತ್ತಾರೆ. ಬ್ರೊಮಡಿಯೋಲೋನ್ ಇರುವ ಬಿಲ್ಲೆ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ, ಕೆಲಸ ಮಾಡಲು ಕೆಲವು ದಿನ ಬೇಕು. ಅಷ್ಟು ದಿನವೂ ವಿಷ ಇಲಿಯ ಪಿತ್ತಜನಕಾಂಗದಲ್ಲಿ ಕೂತಿರುತ್ತದೆ. ನೋಡಲು ಇಲಿ ಚೆನ್ನಾಗಿಯೇ ಇರುತ್ತದೆ. ಅದನ್ನು ನುಂಗಿದ ಹಾವಿಗೆ ವಿಷವೂ ಹೋಗುತ್ತದೆ.

ಎರಡು, ಇಲಿ ಜ್ವರ. ವೈದ್ಯರು ಇದನ್ನು ಲೆಪ್ಟೊಸ್ಪೈರೋಸಿಸ್ ಅನ್ನುತ್ತಾರೆ. ಇಲಿಯ ಮೂತ್ರದಲ್ಲಿರುವ ರೋಗಾಣು ನೀರು, ಕೆಸರಿನ ಮೂಲಕ ಮನುಷ್ಯರ ಮೈಯ ಗಾಯದಿಂದ ಒಳಗೆ ಹೋಗುತ್ತದೆ. ಹಿಡಿದ ಇಲಿಯನ್ನು ಕೈಯಲ್ಲಿ ಮುಟ್ಟುವವರಿಗೆ ಇದು ನೇರ ಅಪಾಯ.

ಮೂರು, ಉಣ್ಣೆ ಹುಳು (ಉಣುಗು) ಮತ್ತು ಹೇನು. ಮಂಗನ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೆಸರು ಮಂಗನದಾದರೂ ಅದನ್ನು ಹರಡುವುದು ಉಣ್ಣೆ. ಆ ಉಣ್ಣೆ ಕಾಡಿನ ಸಣ್ಣ ಇಲಿಗಳ ಮೈಮೇಲೂ ಬದುಕುತ್ತದೆ. ಅಂಥ ಇಲಿಯನ್ನು ಬೋನಿನಲ್ಲಿ ಮನೆಯೊಳಗೆ ತರುವುದು ಬೇಕಾ?

ಇಷ್ಟಾದ ಮೇಲೆ ಉಳಿಯುವುದು ಎರಡು ದಾರಿ. ಸಾಕಿದ ಇಲಿಯನ್ನು ಕೊಳ್ಳುವುದು, ಇಲ್ಲವೇ ತಾನೇ ಸಾಕುವುದು.

ಮೂರು ವಾರ, ಮೂರು ವಾರ

ಇಲಿಯ ಬದುಕು ಮೂರು ವಾರದ ಕಂತುಗಳಲ್ಲಿ ನಡೆಯುತ್ತದೆ. ಗರ್ಭ ಮೂರು ವಾರ, ಸರಿಯಾಗಿ ಹೇಳಬೇಕೆಂದರೆ 19ರಿಂದ 21 ದಿನ. ಮರಿ ತಾಯಿಯ ಹಾಲು ಬಿಡಲು ಮೂರು ವಾರ. ಆಮೇಲೆ ಇನ್ನು ಎರಡು ಮೂರು ವಾರಕ್ಕೆ ಆ ಮರಿಯೇ ಮರಿ ಹಾಕುವ ವಯಸ್ಸಿಗೆ ಬಂದಿರುತ್ತದೆ.

ಒಂದು ಗಂಡಿಗೆ ಎರಡು ಅಥವಾ ಮೂರು ಹೆಣ್ಣು ಒಂದೇ ತೊಟ್ಟಿಯಲ್ಲಿರುವುದು ರೂಢಿ. ಹೆಣ್ಣು ಪ್ರತಿ ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದು ಸೂಲಿಗೆ ಸಾಮಾನ್ಯವಾಗಿ 6ರಿಂದ 12 ಮರಿ. ತಾಯಂದಿರು ಒಟ್ಟಿಗೆ ಒಂದೇ ಗೂಡು ಮಾಡಿ, ನಿನ್ನದು ನನ್ನದು ಅನ್ನದೆ ಎಲ್ಲ ಮರಿಗಳಿಗೂ ಹಾಲು ಕೊಡುತ್ತವೆ. ಕೂಡು ಕುಟುಂಬ.

ಮೊದಲ ದಿನದ ಮರಿ ಕಿರುಬೆರಳಿನ ತುದಿಯಷ್ಟಿರುತ್ತದೆ. ತೂಕ ಒಂದು, ಒಂದೂಕಾಲು ಗ್ರಾಂ. ಮೈಮೇಲೆ ಒಂದು ಕೂದಲಿಲ್ಲ, ಕಣ್ಣು ಮುಚ್ಚಿ ಅಂಟಿಕೊಂಡಿದೆ, ಕಿವಿ ತಲೆಗೆ ಒತ್ತಿದೆ. ಚರ್ಮ ಎಷ್ಟು ತೆಳು ಅಂದರೆ ಒಳಗಿನ ಹೊಟ್ಟೆ ಕಾಣುತ್ತದೆ. ಹಾಲು ಕುಡಿದ ಮರಿಯ ಹೊಟ್ಟೆಯ ಎಡಗಡೆ ಅಕ್ಕಿಕಾಳಿನಂಥ ಬಿಳಿ ಮಚ್ಚೆ ಇರುತ್ತದೆ. ಅದು ಮಚ್ಚೆಯಲ್ಲ, ಒಳಗಿರುವ ಹಾಲು. ನಾನು ಬೆಳಿಗ್ಗೆ ಟಾರ್ಚ್ ಹಿಡಿದು ನೋಡುತ್ತಿದ್ದದ್ದು ಅದೊಂದನ್ನೇ. ಬಿಳಿ ಕಂಡರೆ ತಾಯಿ ಸರಿಯಾಗಿ ನೋಡಿಕೊಳ್ಳುತ್ತಿದೆ ಅಂತ ಲೆಕ್ಕ, ಮುಚ್ಚಳ ಹಾಕಿ ಬಂದರಾಯಿತು. ಕಾಣದಿದ್ದರೆ ಏನೋ ಎಡವಟ್ಟಾಗಿದೆ.

ಈ ಕೂದಲಿಲ್ಲದ ಕೆಂಪು ಮರಿಗೆ ಸಾಕುವವರ ಭಾಷೆಯಲ್ಲಿ ಪಿಂಕಿ ಅಂತ ಹೆಸರು. ವಾರದೊಳಗೆ ನವಿರು ಕೂದಲು ಬಂದರೆ ಫಝಿ. ಎರಡು ವಾರಕ್ಕೆ ಕಣ್ಣು ಬಿಟ್ಟು ಚಿಮ್ಮಲು ಶುರು ಮಾಡಿದರೆ ಹಾಪರ್. ಈ ಹಂತದಲ್ಲಿ ಮುಚ್ಚಳ ತೆಗೆದರೆ ಪಾಪ್‌ಕಾರ್ನ್ ಥರ ಹಾರುತ್ತವೆ. ಹಾಲು ಬಿಟ್ಟರೆ ವೀನರ್, ಆಮೇಲೆ ಅಡಲ್ಟ್. ಇಷ್ಟೊಂದು ಹೆಸರು ಯಾಕೆ ಅಂದರೆ ಹಾವಿನ ಊಟವನ್ನು ಅಳೆಯುವುದು ಇದರಿಂದಲೇ. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿದ್ದರೆ ಸಾಕು, ಅದಕ್ಕಿಂತ ಹೆಚ್ಚಾಗಬಾರದು. ಆಗ ತಾನೇ ಮೊಟ್ಟೆಯೊಡೆದು ಬಂದ ಕಾರ್ನ್ ಸ್ನೇಕ್‌ಗೆ ಪಿಂಕಿಯೇ ದೊಡ್ಡ ಊಟ.

ಚಕ್ರಬಡ್ಡಿ

ಈಗ ಹೊಸಬರು ಎಡವುವ ಜಾಗಕ್ಕೆ ಬಂದೆವು. ಇಲಿಗೆ ಒಂದು ವಿಶೇಷ ಗುಣ ಇದೆ. ಮರಿ ಹಾಕಿದ 24 ಗಂಟೆಯೊಳಗೆ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಗಂಡು ಜೊತೆಗೇ ಇದ್ದರೆ ಒಂದು ಸೂಲಿಗೆ ಹಾಲು ಕೊಡುತ್ತಲೇ ಮುಂದಿನ ಸೂಲಿಗೆ ಗರ್ಭ ಧರಿಸುತ್ತದೆ. ಅಂದರೆ ಹೆಚ್ಚು ಕಡಿಮೆ 25 ದಿನಕ್ಕೊಂದು ಸೂಲು.

ಒಂದು ಜೋಡಿಯಿಂದ ಶುರು ಮಾಡಿ, ಯಾವುದನ್ನೂ ಬೇರೆ ಮಾಡದೆ ಬಿಟ್ಟರೆ ಏನಾಗುತ್ತದೆ ನೋಡಿ. ಸೂಲಿಗೆ 8 ಮರಿ, ಅರ್ಧ ಗಂಡು, ಅರ್ಧ ಹೆಣ್ಣು ಅಂತ ಇಟ್ಟುಕೊಳ್ಳೋಣ. 21ನೇ ದಿನ 8 ಮರಿ. 45ನೇ ದಿನದ ಹೊತ್ತಿಗೆ ಇನ್ನೊಂದು 8. 70ರ ಹೊತ್ತಿಗೆ ಮತ್ತೊಂದು 8. ಅಷ್ಟರಲ್ಲಿ ಮೊದಲ ಸೂಲಿನ 4 ಹೆಣ್ಣು ಆರು ವಾರ ದಾಟಿ ಗರ್ಭ ಕಟ್ಟಿರುತ್ತವೆ. 84ನೇ ದಿನದ ಆಸುಪಾಸಿನಲ್ಲಿ ಅವುಗಳಿಂದ 32 ಮರಿ. ಒಟ್ಟು 58. ಮೂರು ತಿಂಗಳೂ ತುಂಬಿಲ್ಲ! ಅಸಲಿಗೆ ಬಡ್ಡಿ, ಆ ಬಡ್ಡಿಗೂ ಬಡ್ಡಿ. ಚಕ್ರಬಡ್ಡಿಗೆ ಸಾಲ ತಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಡೆ ಹಾವಿನ ಲೆಕ್ಕ. ಬೆಳೆಯುವ ಹಾವಿಗೆ ವಾರಕ್ಕೊಂದು ಇಲಿ, ವರ್ಷಕ್ಕೆ 52. ಬೆಳೆದು ನಿಂತ ಹಾವಿಗೆ ಎರಡು ವಾರಕ್ಕೊಂದು, ಕೆಲವಕ್ಕೆ ಇನ್ನೂ ತಡವಾಗಿ. ಒಂದು ಗಂಡು, ಎರಡು ಹೆಣ್ಣು ಇಟ್ಟುಕೊಂಡು, ವರ್ಷಕ್ಕೆ ಒಂದೊಂದು ಹೆಣ್ಣಿನಿಂದ ಎಂಟೇ ಸೂಲು ತೆಗೆದರೂ 128 ಮರಿ. ಹಾವಿಗೆ ಬೇಕಾದ್ದರ ಎರಡು ಪಟ್ಟಿಗಿಂತ ಜಾಸ್ತಿ. ಮಿಕ್ಕ 76ನ್ನು ಏನು ಮಾಡುತ್ತೀರಿ? ಇಲಿ ತರುವ ಮೊದಲೇ ಇದಕ್ಕೆ ಉತ್ತರ ಗೊತ್ತಿರಬೇಕು.

ಇದನ್ನು ಹಿಡಿತದಲ್ಲಿಡಲು ಎರಡು ಹಿಡಿಗಳಿವೆ. ಮೊದಲನೆಯದು ಗಂಡು. ಹೆಣ್ಣಿನ ಹೊಟ್ಟೆ ಉಬ್ಬಿದ್ದು ಕಂಡ ಕೂಡಲೇ ಗಂಡನ್ನು ಬೇರೆ ತೊಟ್ಟಿಗೆ ಹಾಕಿದರೆ ಅಲ್ಲಿಗೆ ಒಂದು ಸೂಲು, ಮುಂದಿನದಿಲ್ಲ. ಹೆಣ್ಣಿಗೂ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಎರಡನೆಯದು ಮರಿಗಳನ್ನು ನಾಲ್ಕು ವಾರದೊಳಗೆ ಗಂಡು ಬೇರೆ, ಹೆಣ್ಣು ಬೇರೆ ಮಾಡುವುದು. ಗುರುತಿಸಲು ಹತ್ತನೇ ದಿನದ ಹೊತ್ತು ಸುಲಭ. ಆಗ ಹೊಟ್ಟೆಯ ಕೂದಲು ಇನ್ನೂ ತೆಳುವಾಗಿರುತ್ತದೆ, ಹೆಣ್ಣು ಮರಿಗೆ ಮೊಲೆತೊಟ್ಟಿನ ಚುಕ್ಕಿಗಳು ಸಾಲಾಗಿ ಕಾಣುತ್ತವೆ. ಗಂಡಿಗೆ ಕಾಣುವುದಿಲ್ಲ. ಬಾಲದ ಬುಡದಲ್ಲಿ ಎರಡು ರಂಧ್ರಗಳ ನಡುವಿನ ಅಂತರವೂ ಗಂಡಿಗೆ ಹೆಚ್ಚು. ಬೆಳೆದ ಗಂಡುಗಳನ್ನು ಮಾತ್ರ ಒಂದಕ್ಕೊಂದು ಹೊಸದಾಗಿ ಪರಿಚಯಿಸಬೇಡಿ, ರಕ್ತ ಬರುವವರೆಗೆ ಕಚ್ಚಾಡುತ್ತವೆ.

ತೊಟ್ಟಿ, ಉಮಿ, ನೀರು

ಮೂರು ಇಲಿಗೆ ಒಂದು ಮೊಳ ಉದ್ದ, ಒಂದು ಅಡಿ ಅಗಲದ ಪ್ಲಾಸ್ಟಿಕ್ ತೊಟ್ಟಿ ಸಾಕು. ಮುಚ್ಚಳ ಕತ್ತರಿಸಿ ಕಬ್ಬಿಣದ ಜಾಲರಿ ಕೂರಿಸಬೇಕು. ಜಾಲರಿಯ ಕಣ್ಣು ಕಾಲು ಇಂಚಿಗಿಂತ ಸಣ್ಣದಿರಲಿ. ತಲೆ ತೂರಿದರೆ ಇಲಿಯ ಇಡೀ ಮೈ ತೂರುತ್ತದೆ. ಸೊಳ್ಳೆಪರದೆಯ ನೈಲಾನ್ ಜಾಲರಿ ಒಂದೇ ರಾತ್ರಿಗೆ ಕಡಿದು ತೂತಾಗುತ್ತದೆ.

ಕೆಳಗೆ ಹಾಸಲು ನಮ್ಮ ಕಡೆ ಭತ್ತದ ಉಮಿಗಿಂತ ಅಗ್ಗದ್ದು ಇಲ್ಲ. ರೈಸ್ ಮಿಲ್‌ನಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ನಮ್ಮ ದೇಶದ ಎಷ್ಟೋ ಪ್ರಯೋಗಾಲಯಗಳಲ್ಲಿ ಹಾಸುವುದೂ ಇದನ್ನೇ, ಆದರೆ ಬಿಸಿಯಲ್ಲಿ ಶುದ್ಧ ಮಾಡಿ. ನಾವು ಕನಿಷ್ಠ ಜರಡಿ ಹಿಡಿದು ಧೂಳು ಉದುರಿಸಿ, ಎರಡು ದಿನ ಬಿಸಿಲಿಗೆ ಹರವಬೇಕು. ಸಾಮಿಲ್ಲಿನ ಹೊಟ್ಟು ತರುವುದಾದರೆ ಯಾವ ಮರದ್ದು, ಔಷಧಿ ಹೊಡೆದ ಮರವೋ ಅಂತ ಕೇಳಿ ತನ್ನಿ. ಗೂಡಿಗೆ ನಾಲ್ಕು ಟಿಶ್ಯೂ ಪೇಪರ್ ಹಾಕಿದರೆ ಸಾಕು, ಹೆಣ್ಣು ಅದನ್ನು ಸೀಳಿ ಸೀಳಿ ಹತ್ತಿಯ ಹಾಗೆ ಮಾಡಿಕೊಳ್ಳುತ್ತದೆ.

ಆಹಾರ ಅಂದರೆ ಬರೀ ಅಕ್ಕಿ, ಗೋಧಿ ಅಲ್ಲ. ಮರಿ ಹಾಕುವ ಇಲಿಯ ಆಹಾರದಲ್ಲಿ ಶೇ 18ರಿಂದ 20ರಷ್ಟು ಪ್ರೋಟೀನು ಬೇಕು. ಇಲಿಗೆಂದೇ ಮಾಡಿದ ಗಟ್ಟಿ ಉಂಡೆಯ ಆಹಾರ ಸಿಗುತ್ತದೆ, ಒಂದು ಇಲಿಗೆ ದಿನಕ್ಕೆ ನಾಲ್ಕೈದು ಗ್ರಾಂ ಹಿಡಿಯುತ್ತದೆ. ಹಾಲು ಕೊಡುವ ತಾಯಿಗೆ ಅದರ ಎರಡು ಪಟ್ಟು. ಗಟ್ಟಿಯಾಗಿದ್ದರೆ ಹಲ್ಲಿಗೂ ಒಳ್ಳೆಯದು, ಇಲಿಯ ಮುಂಬಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ.

ನೀರಿನ ವಿಷಯದಲ್ಲಿ ನಾನೇ ಪಾಠ ಕಲಿತವನು. ತಲೆಕೆಳಗಾಗಿ ನೇತುಹಾಕುವ ಬಾಟಲಿ, ತುದಿಯಲ್ಲಿ ಉಕ್ಕಿನ ಗುಂಡು ಇರುವ ನಳಿಕೆ. ಒಂದು ರಾತ್ರಿ ಆ ನಳಿಕೆಯಲ್ಲಿ ಗಾಳಿ ಕಟ್ಟಿಕೊಂಡಿತ್ತು. ಬಾಟಲಿ ತುಂಬ ನೀರಿದೆ, ಕೆಳಗೆ ಒಂದು ತೊಟ್ಟೂ ಇಳಿದಿಲ್ಲ. ಬೆಳಿಗ್ಗೆ ನೋಡಿದರೆ ಒಂಬತ್ತು ಮರಿಗಳಲ್ಲಿ ಮೂರು ಉಳಿದಿದ್ದವು. ಮಿಕ್ಕವನ್ನು ತಾಯಿಯೇ ತಿಂದಿತ್ತು. ಇದನ್ನು ಕೇಳಿ ಇಲಿ ಕ್ರೂರಿ ಅನ್ನುವವರಿದ್ದಾರೆ. ವಿಷಯ ಅಷ್ಟೇ ಅಲ್ಲ. ನೀರಿಲ್ಲದಿದ್ದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಮರಿ ಉಳಿಯುವುದಿಲ್ಲ. ಸಾಯುವ ಮರಿಯನ್ನು ಗೂಡಿನಲ್ಲಿ ಬಿಡದೆ ತಾಯಿ ತಿಂದುಬಿಡುತ್ತದೆ. ಪ್ರೋಟೀನು ಕಡಿಮೆಯಾದರೆ, ಮೊದಲ ಮೂರ್ನಾಲ್ಕು ದಿನ ಗೂಡನ್ನು ಪದೇ ಪದೇ ಕೆದಕಿದರೆ, ಮೊದಲ ಸೂಲಿನ ತಾಯಿ ಗಾಬರಿಬಿದ್ದರೆ ಕೂಡ ಹೀಗಾಗುತ್ತದೆ. ಅಂದಿನಿಂದ ತೊಟ್ಟಿಗೆ ಎರಡು ಬಾಟಲಿ, ರಾತ್ರಿ ಮಲಗುವ ಮುಂಚೆ ಎರಡೂ ಗುಂಡನ್ನು ಬೆರಳಲ್ಲಿ ಒತ್ತಿ ನೋಡುವುದು ರೂಢಿಯಾಯಿತು.

ಮಲೆನಾಡಿನ ಮಳೆ, ಕರೆಯದೆ ಬರುವವರು

ಇಲಿಗೆ ಹಿತವಾದದ್ದು 20ರಿಂದ 26 ಡಿಗ್ರಿ, ತೇವಾಂಶ ಶೇ 40ರಿಂದ 60. ಸೆಖೆಗಾಲದ ಶಿವಮೊಗ್ಗ ಪೇಟೆಯಲ್ಲಿ ತಾರಸಿ ಕೆಳಗಿನ ರೂಮು ಇದಕ್ಕೆ ಆಗುವುದಿಲ್ಲ. ಇಲಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ, ಸೆಖೆ ಏರಿದರೆ ಸಾಯುತ್ತವೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ತೊಂದರೆ ಉಲ್ಟಾ. ಜುಲೈ ತಿಂಗಳಲ್ಲಿ ಹಾಸಿದ ಉಮಿ ಒಣಗುವುದೇ ಇಲ್ಲ. ಒದ್ದೆ ಉಮಿ, ಇಲಿಯ ಮೂತ್ರ ಸೇರಿದರೆ ಅಮೋನಿಯಾ ಎಂಬ ಘಾಟು ಗಾಳಿ ಹುಟ್ಟುತ್ತದೆ. ನಿಮ್ಮ ಮೂಗಿಗೆ ಘಾಟು ತಾಗುವ ಹೊತ್ತಿಗೆ, ನೆಲದ ಹತ್ತಿರ ಮೂಗಿಟ್ಟು ಬದುಕುವ ಇಲಿಯ ಪುಪ್ಪುಸಕ್ಕೆ ಆಗಲೇ ಪೆಟ್ಟು ಬಿದ್ದಿರುತ್ತದೆ. ಇಲಿ ಉಸಿರಾಡುವಾಗ ಟಕ್ ಟಕ್ ಅಂತ ಸದ್ದು ಕೇಳಿದರೆ ಅದೇ ಕಾಯಿಲೆ.

ಆಹಾರಕ್ಕೂ ಮಳೆಗಾಲವೇ ಶತ್ರು. ಬೂಸಲು ಹಿಡಿದ ಕಾಳಿನಲ್ಲಿ ಪಿತ್ತಜನಕಾಂಗ ಕೆಡಿಸುವ ವಿಷ ಹುಟ್ಟುತ್ತದೆ. ಮೂಟೆ ತಂದಿಡುವ ಬದಲು ಹದಿನೈದು ದಿನಕ್ಕಾಗುವಷ್ಟೇ ತಂದು, ಗಾಳಿಯಾಡದ ಡಬ್ಬದಲ್ಲಿಡಿ. ಹಪ್ಪಳದ ಡಬ್ಬಕ್ಕೆ ಮಾಡುವಷ್ಟೇ ಉಪಚಾರ ಇದಕ್ಕೂ ಬೇಕು.

ಇನ್ನು ಕರೆಯದೆ ಬರುವವರು. ನಾನು ಮೊದಲು ತೊಟ್ಟಿಗಳನ್ನು ಇಟ್ಟದ್ದು ಸೌದೆ ಕೊಟ್ಟಿಗೆಯಲ್ಲಿ. ಎರಡನೇ ತಿಂಗಳು, ಒಂದು ಬೆಳಿಗ್ಗೆ ಇಲಿಗಳೆಲ್ಲ ತೊಟ್ಟಿಯ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಮುದುರಿ ಕೂತಿದ್ದವು, ಒಂದೂ ಅಲುಗಾಡುತ್ತಿಲ್ಲ. ತೊಟ್ಟಿ ಸರಿಸಿದೆ. ಹಿಂದೆ ಗೋಡೆಗೆ ಒತ್ತಿಕೊಂಡು ಆರಡಿಯ ಕೇರೆಹಾವು. ಜಾಲರಿ ಗಟ್ಟಿಯಿದ್ದ ಕಾರಣ ಒಳಗೆ ಹೋಗಲು ಆಗಿರಲಿಲ್ಲ. ಕೇರೆಗೆ ವಿಷವಿಲ್ಲ, ಅದು ತನ್ನ ಪಾಡಿಗೆ ಹೋಯಿತು. ಆದರೆ ಅದೇ ವಾಸನೆ ಹಿಡಿದು ನಾಗರಹಾವೂ ಬರಬಹುದಲ್ಲ? ಒಂದು ಹಾವಿಗಾಗಿ ಇಲಿ ಸಾಕಿ ಊರಿನ ಹಾವುಗಳಿಗೆಲ್ಲ ಎಲೆ ಹಾಕಿದ ಹಾಗಾಗಿತ್ತು. ಮಾರನೇ ದಿನವೇ ತೊಟ್ಟಿಗಳು ಮನೆಯೊಳಗೆ, ಬಾಗಿಲಿನ ಸಂದಿ ಮುಚ್ಚಿದ ರೂಮಿಗೆ ಬಂದವು. ಇರುವೆಗೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರಾಯಿತು. ಹುಟ್ಟಿದ ಮರಿಗಳಿಗೆ ಇರುವೆ ಮುತ್ತಿದರೆ ಉಳಿಯುವುದಿಲ್ಲ.

ಮನೆಯವರ ಆರೋಗ್ಯ

ವಾಸನೆ ಬರುತ್ತದೆ, ಮುಖ್ಯವಾಗಿ ಗಂಡಿನ ಮೂತ್ರದ್ದು. ವಾರಕ್ಕೊಮ್ಮೆ ಉಮಿ ಬದಲಿಸಿ, ಗೂಡಿನ ಹಳೆಯ ಉಮಿಯನ್ನು ಒಂದು ಹಿಡಿ ವಾಪಸ್ ಹಾಕಿ. ಪೂರ್ತಿ ತೊಳೆದುಬಿಟ್ಟರೆ ಗಂಡು ತನ್ನ ಗುರುತು ಅಳಿಸಿತೆಂದು ಇನ್ನೂ ಜಾಸ್ತಿ ಮೂತ್ರ ಮಾಡುತ್ತದೆ.

ಇಲಿಯ ಮೂತ್ರದಲ್ಲಿರುವ ಪ್ರೋಟೀನು ಒಣಗಿ ಧೂಳಾಗಿ ಗಾಳಿಗೆ ಸೇರಿದರೆ ಕೆಲವರಿಗೆ ಅಲರ್ಜಿ, ಉಬ್ಬಸ ಬರುತ್ತದೆ. ಸ್ವಚ್ಛ ಮಾಡುವಾಗ ಮಾಸ್ಕ್ ಹಾಕಿ. ಉಬ್ಬಸ ಇರುವವರ ಮನೆಯಲ್ಲಿ ಇದು ಬೇಡ. ಬಸುರಿ ಹೆಂಗಸರು ಇಲಿಯ ತೊಟ್ಟಿಯಿಂದ ದೂರ ಇರಬೇಕು. ಮೌಸ್ ಜಾತಿಯಿಂದ ಹರಡುವ ಒಂದು ವೈರಸ್ ಹೊಟ್ಟೆಯ ಮಗುವಿಗೆ ಅಪಾಯ ಮಾಡುತ್ತದೆ. ಸಾಕಿದ ಇಲಿಯಲ್ಲೂ ಸಾಲ್ಮೊನೆಲ್ಲಾ ಎಂಬ ಭೇದಿಯ ರೋಗಾಣು ಇರಬಹುದು. ಹಾಗಾಗಿ ಸೋಪು ಹಚ್ಚಿ ಕೈ ತೊಳೆಯುವುದು, ಅಡಿಗೆ ಮನೆಯ ಸಿಂಕ್ ಬಳಸದಿರುವುದು ಕಡ್ಡಾಯ.

ಕೊಲ್ಲುವ ಮಾತು

ಎಲ್ಲರೂ ದಾಟಿ ಹೋಗುವ ಭಾಗ ಇದು. ಜೀವಂತ ಇಲಿಯನ್ನು ಹಾವಿನ ಪೆಟ್ಟಿಗೆಗೆ ಬಿಟ್ಟರೆ ಕೆಲಸ ಮುಗಿಯಿತು ಅಂತ ಹಲವರು ತಿಳಿದಿದ್ದಾರೆ. ಹಾವಿಗೆ ಹಸಿವಿಲ್ಲದಿದ್ದರೆ ಅದು ಸುಮ್ಮನೆ ಮಲಗಿರುತ್ತದೆ. ಇಲಿ ಸುಮ್ಮನಿರುವುದಿಲ್ಲ. ಹಾವಿನ ಬೆನ್ನು, ಕಣ್ಣು ಕಡಿದು ಗಾಯ ಮಾಡುತ್ತದೆ. ಇಲಿಗೂ ಆ ಪೆಟ್ಟಿಗೆಯೊಳಗಿನ ಹೊತ್ತು ನರಕ. ಪ್ರಾಣಿಗಳಿಗೆ ಅನಗತ್ಯ ಹಿಂಸೆ ಕೊಡುವುದನ್ನು 1960ರ ಕಾಯ್ದೆ ಅಪರಾಧ ಅನ್ನುತ್ತದೆ. ನೆಂಟರಿಷ್ಟರನ್ನು ಕೂರಿಸಿ ತೋರಿಸುವ ತಮಾಷೆಯಂತೂ ಅಲ್ಲವೇ ಅಲ್ಲ.

ಆದ್ದರಿಂದ ಮೊದಲೇ ನೋವಿಲ್ಲದಂತೆ ಕೊಂದು, ಫ್ರೀಜರಿನಲ್ಲಿಟ್ಟು ಕೊಡುವುದು ರೂಢಿಗೆ ಬಂದಿದೆ. ಪೆಟ್ಟಿಗೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಸಿಲಿಂಡರಿನಿಂದ ನಿಧಾನ ತುಂಬುವುದು ಪಶುವೈದ್ಯರು ಒಪ್ಪುವ ಒಂದು ವಿಧಾನ. ಇದರಲ್ಲಿ ಅನಿಲದ ವೇಗವೇ ಮುಖ್ಯ. ಅಡಿಗೆ ಸೋಡಾಕ್ಕೆ ವಿನೆಗರ್ ಸುರಿದು ಅನಿಲ ಮಾಡುವ ಮನೆಮದ್ದು ಹಿಡಿತಕ್ಕೆ ಸಿಗುವುದಿಲ್ಲ. ಆಗ ತಾನೇ ಹುಟ್ಟಿದ ಪಿಂಕಿಗಳು ಉಸಿರಿಲ್ಲದೆ ತುಂಬ ಹೊತ್ತು ತಾಳಿಕೊಳ್ಳುತ್ತವೆ, ಅವುಗಳ ಮೇಲೆ ಈ ಅನಿಲ ಬೇಗ ಕೆಲಸ ಮಾಡುವುದಿಲ್ಲ. ಜೀವ ಇರುವಾಗಲೇ ಫ್ರೀಜರಿಗೆ ಹಾಕುವುದು ತಪ್ಪು. ಇದನ್ನು ಓದಿ ಕಲಿಯಲು ಹೋಗಬೇಡಿ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಬಲ್ಲ ವೈದ್ಯರೊಬ್ಬರ ಎದುರಿಗೆ ಒಮ್ಮೆ ಕಲಿಯಿರಿ. ನನಗೆ ನಾಲ್ಕು ವರ್ಷವಾದರೂ ಈ ಕೆಲಸ ಹಗುರ ಅನ್ನಿಸಲಿಲ್ಲ. ನಿಮ್ಮಿಂದ ಆಗದು ಅನ್ನಿಸಿದರೆ ಇಲಿ ಸಾಕಬೇಡಿ, ಕೊಂಡು ತನ್ನಿ.

ಫ್ರೀಜರಿನಿಂದ ಹಾವಿನ ಬಾಯಿಗೆ

ಇಲಿಯನ್ನು ಒಂದೊಂದಾಗಿ ಕವರಿನಲ್ಲಿ ಕಟ್ಟಿ, ತಾರೀಖು ಬರೆದು, ಮೈನಸ್ 18 ಡಿಗ್ರಿಯಲ್ಲಿಟ್ಟರೆ ಆರು ತಿಂಗಳವರೆಗೆ ಬಳಸಬಹುದು. ಮನೆಯ ಐಸ್‌ಕ್ರೀಮ್ ಪಕ್ಕ ಬೇಡ, ಬೇರೆ ಸಣ್ಣ ಫ್ರೀಜರ್ ಇರಲಿ. ಮಳೆಗಾಲದಲ್ಲಿ ನಮ್ಮ ಕಡೆ ಲೈನ್ ಮೇಲೆ ಮರ ಬಿತ್ತೆಂದರೆ ಎರಡು ದಿನ ಕರೆಂಟಿಲ್ಲ. ಒಮ್ಮೆ ಕರಗಿದ ಇಲಿಯನ್ನು ಮತ್ತೆ ಗಟ್ಟಿ ಮಾಡಿ ಕೊಡುವಂತಿಲ್ಲ. ಹಾಗಾಗಿ ಜೂನ್ ಬರುವ ಮೊದಲು ಫ್ರೀಜರಿನಲ್ಲಿ ಕಡಿಮೆ ಇರುವುದೇ ಜಾಣತನ.

ಕೊಡುವ ಹಿಂದಿನ ರಾತ್ರಿ ಇಲಿಯನ್ನು ಡಬ್ಬದಲ್ಲಿ ಹಾಕಿ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಕರಗಿಸಬೇಕು. ಮರುದಿನ ಕವರ್ ಸಮೇತ ಬಿಸಿನೀರಿನ ಬೋಗುಣಿಯಲ್ಲಿ, ಸ್ನಾನದ ನೀರಿನಷ್ಟು ಬಿಸಿ. ಹೊಟ್ಟೆ ಒತ್ತಿ ನೋಡಿದರೆ ಒಳಗೆ ಗಡ್ಡೆ ಸಿಗಬಾರದು. ಮೈಕ್ರೋವೇವ್ ಬೇಡ, ಒಂದು ಕಡೆ ಬೆಂದು ಇನ್ನೊಂದು ಕಡೆ ಮಂಜಾಗಿರುತ್ತದೆ, ಕೆಲವು ಸಲ ಒಡೆಯುತ್ತದೆ. ಬಾಲ್ ಪೈಥಾನಿನ ತುಟಿಯ ಅಂಚಿನಲ್ಲಿ ಶಾಖ ಗುರುತಿಸುವ ಗುಳಿಗಳಿವೆ. ಇಲಿ ಬೆಚ್ಚಗಿದ್ದರೆ ಮಾತ್ರ ಅದಕ್ಕೆ ಅದು ಊಟ. ಕಾರ್ನ್ ಸ್ನೇಕ್‌ಗೆ ಆ ಗುಳಿಗಳಿಲ್ಲ, ವಾಸನೆಯೇ ದಾರಿ. ಉದ್ದ ಇಕ್ಕಳದಲ್ಲಿ ಹಿಡಿದು ಕೊಡಿ, ಕೈಯಲ್ಲಿ ಅಲ್ಲ. ತಿಂದ ಮೇಲೆ ಎರಡು ದಿನ ಹಾವನ್ನು ಎತ್ತಬೇಡಿ, ವಾಂತಿ ಮಾಡಿಬಿಡುತ್ತದೆ.

ಹಾವು ಊಟ ಬಿಟ್ಟಾಗ

ಅತ್ತಿಗೆಯ ಮಗ ಕೊನೆಗೂ ಇಲಿ ತಂದ. ಒಂದು ಗಂಡು, ಎರಡು ಹೆಣ್ಣು, ಮಹಡಿಯ ಹಿಂದಿನ ರೂಮಿನಲ್ಲಿ. 'ಗಣಪತಿ ವಾಹನ' ಅಂತ ಗೊಣಗುತ್ತಲೇ ಅತ್ತಿಗೆ ಬಾಟಲಿಗೆ ನೀರು ತುಂಬುವುದನ್ನು ಕಲಿತರು. ಎಲ್ಲ ಲೆಕ್ಕದ ಪ್ರಕಾರವೇ ನಡೆಯಿತು. ನವೆಂಬರಿನಲ್ಲಿ ಚಳಿ ಬಿತ್ತು, ಹಾವು ಊಟ ಬಿಟ್ಟಿತು. ಬಾಲ್ ಪೈಥಾನ್ ಹೀಗೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಉಪವಾಸ ಮಾಡುವುದುಂಟು. ತೂಕ ಇಳಿಯದಿದ್ದರೆ ಗಾಬರಿ ಬೇಕಿಲ್ಲ. ಇಲಿಗಳಿಗೆ ಮಾತ್ರ ಈ ಸುದ್ದಿ ತಲುಪಿರಲಿಲ್ಲ. ಡಿಸೆಂಬರ್ ಕೊನೆಗೆ ತೊಟ್ಟಿಗಳಲ್ಲಿ 41 ಆಗಿದ್ದವು.

ಅವನು ಆಗ ಮಾಡಿದ್ದು ಎರಡೇ ಕೆಲಸ. ಗಂಡನ್ನು ಬೇರೆ ತೊಟ್ಟಿಗೆ ಹಾಕಿದ. ಹೆಚ್ಚಾದ ಇಲಿಗಳಲ್ಲಿ ಒಂಬತ್ತನ್ನು ಫ್ರೀಜರಿಗೆ ಉಳಿಸಿಕೊಂಡು, ಬಾಕಿಯದನ್ನು ಭದ್ರಾವತಿಯಲ್ಲಿ ಮೂರು ಕಾರ್ನ್ ಸ್ನೇಕ್ ಸಾಕಿರುವ ಹುಡುಗನೊಬ್ಬನಿಗೆ ಕೊಟ್ಟ. ಫೆಬ್ರವರಿಯ ಒಂದು ಸಂಜೆ ಹಾವು ಮತ್ತೆ ಇಲಿ ಹಿಡಿಯಿತು. ಅಂದೇ ರಾತ್ರಿ ಗಂಡು ಹಳೆಯ ತೊಟ್ಟಿಗೆ ವಾಪಸ್. ಗರ್ಭ ಮೂರು ವಾರ, ಬೆಳೆಯಲು ನಾಲ್ಕು ವಾರ, ಹೊಸ ಇಲಿ ಊಟಕ್ಕೆ ಬರಲು ಏಳು ವಾರ ಬೇಕು. ಫ್ರೀಜರಿನಲ್ಲಿ ಇನ್ನೂ ಎಂಟು ಇದ್ದವು.